ಪರಮಾಣುವಿಗೆ ಗುರುತು ಹಚ್ಚಿದ ಹೆವೆಶಿ

ಹೊಸೂರು ಸೀಮೆಯ ನಮ್ಮ ಬೇರಿಕೆಯ ಕಡೆ ಕುರಿ ಸಾಕುವವರು ಕುರಿಯ ಬೆನ್ನಿಗೆ ಬಣ್ಣ ಹಚ್ಚುವುದುಂಟು. ಎರಡು ಮಂದೆಗಳು ಕಲೆತರೂ ತಮ್ಮ ಕುರಿ ಯಾವುದೆಂದು ಆಗ ತಿಳಿಯುತ್ತದೆ. ಕಣ್ಣಿಗೆ ಕಾಣದ ಪರಮಾಣುವಿಗೂ ಹೀಗೆಯೇ ಗುರುತು ಹಚ್ಚಬಹುದೆಂದು ತೋರಿಸಿಕೊಟ್ಟವರು ಜಾರ್ಜ್ ದ ಹೆವೆಶಿ.

ಅವರು 1885ರ ಆಗಸ್ಟ್ 1ರಂದು ಹಂಗೇರಿಯ ಬುಡಾಪೆಸ್ಟಿನಲ್ಲಿ ಜನಿಸಿದರು. 1911ರಲ್ಲಿ ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡರ ಬಳಿ ಸೇರಿದರು. ಸೀಸದಲ್ಲಿ ಬೆರೆತಿದ್ದ ರೇಡಿಯಂ-ಡಿ ಎಂಬ ವಿಕಿರಣಶೀಲ ವಸ್ತುವನ್ನು ಬೇರ್ಪಡಿಸುವ ಕೆಲಸವನ್ನು ಗುರುಗಳು ಒಪ್ಪಿಸಿದರು. ಎಷ್ಟು ಶ್ರಮಿಸಿದರೂ ಆಗಲಿಲ್ಲ. ಏಕೆಂದರೆ ಅದೂ ಸೀಸವೇ, ಸೀಸದ ಇನ್ನೊಂದು ಸಮಸ್ಥಾನಿ. ಬೇರ್ಪಡಿಸಲಾಗದಿದ್ದರೆ ಅದನ್ನೇ ಸೀಸದ ಗುರುತಾಗಿ ಏಕೆ ಬಳಸಬಾರದು ಎಂದು ಹೆವೆಶಿ ಯೋಚಿಸಿದರು. ಸೋಲೇ ದಾರಿಯಾಯಿತು.

1923ರಲ್ಲಿ ಕೋಪನ್‌ಹೇಗನ್ನಿನಲ್ಲಿ, ಅವರೆಯ ಬಳಗದ ಗಿಡವೊಂದು ಸೀಸವನ್ನು ಹೀರುವ ಬಗೆಯನ್ನು ಅವರು ಹೀಗೆ ಪತ್ತೆಹಚ್ಚಿದರು. 1935ರಲ್ಲಿ ಇಲಿಗಳಿಗೆ ವಿಕಿರಣಶೀಲ ರಂಜಕವನ್ನು ಕೊಟ್ಟು, ಎಲುಬು ಕಲ್ಲಿನಂತೆ ಸ್ಥಿರವಲ್ಲ, ಸದಾ ಹೊಸದಾಗುತ್ತಿರುತ್ತದೆ ಎಂದು ತೋರಿಸಿದರು.

1940ರಲ್ಲಿ ಹಿಟ್ಲರನ ಸೈನ್ಯ ಡೆನ್ಮಾರ್ಕನ್ನು ಆಕ್ರಮಿಸಿತು. ಜರ್ಮನ್ ವಿಜ್ಞಾನಿಗಳಾದ ಲಾವೆ ಮತ್ತು ಫ್ರಾಂಕರ ನೊಬೆಲ್ ಚಿನ್ನದ ಪದಕಗಳು ಅಲ್ಲಿ ಬೋರರ ಸಂಸ್ಥೆಯಲ್ಲಿದ್ದವು. ಚಿನ್ನವನ್ನು ದೇಶದ ಹೊರಗೆ ಕಳಿಸುವುದು ಜರ್ಮನಿಯಲ್ಲಿ ಘೋರ ಅಪರಾಧ. ಪದಕಗಳ ಮೇಲೆ ಹೆಸರು ಕೆತ್ತಿತ್ತು. ಸಿಕ್ಕಿದ್ದರೆ ಜರ್ಮನಿಯಲ್ಲೇ ಉಳಿದಿದ್ದ ಲಾವೆಯವರ ಜೀವಕ್ಕೆ ಅಪಾಯ. ಹೆವೆಶಿಯವರು ಅವನ್ನು ಆಮ್ಲದಲ್ಲಿ ಕರಗಿಸಿ, ಸೀಸೆಯನ್ನು ಕಪಾಟಿನಲ್ಲಿಟ್ಟರು. ಯುದ್ಧ ಮುಗಿದ ಮೇಲೆ ಆ ಚಿನ್ನದಿಂದಲೇ ಪದಕಗಳನ್ನು ಮತ್ತೆ ಮಾಡಿಸಲಾಯಿತು. ಯೆಹೂದಿ ಮೂಲದವರಾದ ಹೆವೆಶಿಯವರು 1943ರಲ್ಲಿ ಸ್ವೀಡನ್ನಿಗೆ ಪಾರಾದರು. ಆ ವರ್ಷದ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಅವರಿಗೆ ಸಂದಿತು. 1966ರ ಜುಲೈ 5ರಂದು ಫ್ರೈಬರ್ಗಿನಲ್ಲಿ ತೀರಿಕೊಂಡರು.

ಅವರ ಬಾಳಿನಲ್ಲೇ ಈ ವಿದ್ಯೆ ದೊಡ್ಡ ಫಲ ಕೊಟ್ಟಿತು. 1958ರಲ್ಲಿ ಅಮೆರಿಕದ ಮೆಸೆಲ್ಸನ್ ಮತ್ತು ಸ್ಟಾಲ್ ಎಂಬವರು ಬ್ಯಾಕ್ಟೀರಿಯಗಳನ್ನು ಭಾರವಾದ ಸಾರಜನಕದಲ್ಲಿ ಬೆಳೆಸಿ, ಬಳಿಕ ಸಾಮಾನ್ಯ ಸಾರಜನಕಕ್ಕೆ ಬದಲಿಸಿದರು. ಈ ಭಾರದ ಸಾರಜನಕ ವಿಕಿರಣಶೀಲವಲ್ಲ. ಅದರ ತೂಕವೇ ಗುರುತು. ಒಂದು ತಲೆಮಾರಿನ ನಂತರ ಡಿಎನ್‌ಎ ಭಾರವೂ ಅಲ್ಲ, ಹಗುರವೂ ಅಲ್ಲ, ನಡುವಿನದಾಗಿತ್ತು. ಎರಡನೆಯ ತಲೆಮಾರಿನಲ್ಲಿ ಅರ್ಧ ನಡುವಿನದು, ಅರ್ಧ ಹಗುರ. ಅಂದರೆ ಡಿಎನ್‌ಎಯ ಎರಡು ಎಳೆಗಳು ಬಿಡಿಸಿಕೊಂಡು, ಹಳೆಯ ಒಂದೊಂದು ಎಳೆಯೂ ಹೊಸದೊಂದರ ಜೊತೆಗೂಡಿ ಮುಂದಿನ ಪೀಳಿಗೆಗೆ ಸಾಗುತ್ತದೆ.

ಒಪ್ಪಿಸಿದ ಕೆಲಸ ಕೈಗೂಡದಾಗ ಹೆವೆಶಿ ಕೈಚೆಲ್ಲಿ ಕೂರಲಿಲ್ಲ. ಏಕೆ ಕೈಗೂಡಲಿಲ್ಲವೆಂದು ಕೇಳಿಕೊಂಡರು. ನಮ್ಮ ಗಡಿನಾಡಿನ ಮಕ್ಕಳು ಅವರಿಂದ ಕಲಿಯಬೇಕಾದ ಮೊದಲ ಪಾಠ ಇದೇ.