ಮಾರಿಸ್ ಡಾಬ್: ವಿದ್ವತ್ತು ಮತ್ತು ಪಕ್ಷನಿಷ್ಠೆಗಳ ನಡುವಿನ ಬದುಕು

೧

ಸಾಹಿತ್ಯ ಚರಿತ್ರೆ, ಶಾಸನಾಧ್ಯಯನ ಮತ್ತು ಸಂಸ್ಕೃತಿ ಚಿಂತನೆಗೆ ಸಂಬಂಧಿಸಿದ ಕನ್ನಡ ಬರಹಗಳಲ್ಲಿ ಊಳಿಗಮಾನ್ಯ ವ್ಯವಸ್ಥೆ, ಬಂಡವಾಳಶಾಹಿ, ಸ್ಥಿತ್ಯಂತರ ಮೊದಲಾದ ಪರಿಕಲ್ಪನೆಗಳು ಹಲವು ದಶಕಗಳಿಂದ ಬಳಕೆಯಲ್ಲಿವೆ. ಈ ಪರಿಕಲ್ಪನೆಗಳಿಗೆ ಚಾರಿತ್ರಿಕವಾದ ಖಚಿತತೆಯನ್ನು ತಂದುಕೊಡಲು ಶ್ರಮಿಸಿದವರಲ್ಲಿ ಇಂಗ್ಲೆಂಡಿನ ಮಾರ್ಕ್ಸ್‌ವಾದಿ ಅರ್ಥಶಾಸ್ತ್ರಜ್ಞ ಮಾರಿಸ್ ಡಾಬ್ (೧೯೦೦-೧೯೭೬) ಪ್ರಮುಖರು. ವೃತ್ತಿಯಿಂದ ಅವರು ಅರ್ಥಶಾಸ್ತ್ರದ ಅಧ್ಯಾಪಕರು. ಆದರೆ ಅವರ ಅತ್ಯಂತ ಪ್ರಭಾವಶಾಲಿ ಕೃತಿಯನ್ನು ಕೈಗೆತ್ತಿಕೊಂಡು ಚರ್ಚಿಸಿದವರು ಹೆಚ್ಚಾಗಿ ಇತಿಹಾಸಕಾರರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ದಶಕಗಳಿಗೂ ಮೀರಿ ಪಾಠ ಹೇಳಿದ ಅವರು ಆ ಅವಧಿಯುದ್ದಕ್ಕೂ ಬಹಿರಂಗವಾಗಿಯೇ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದರು. ವಿಶ್ವವಿದ್ಯಾಲಯ ಮತ್ತು ಪಕ್ಷ ಎಂಬ ಈ ಎರಡು ಸಂಸ್ಥೆಗಳು ಒಬ್ಬ ವಿದ್ವಾಂಸನ ಚಿಂತನೆಯನ್ನು ಹೇಗೆ ರೂಪಿಸಿದವು, ಅದಕ್ಕೆ ಆತ ತೆತ್ತ ಬೆಲೆ ಏನು ಎಂಬ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಡಾಬ್ ಅವರ ಬದುಕು ಮತ್ತು ಸಾಧನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಮಾರಿಸ್ ಹರ್ಬರ್ಟ್ ಡಾಬ್ ಅವರು ೧೯೦೦ರ ಜುಲೈ ೨೪ರಂದು ಲಂಡನ್ನಿನಲ್ಲಿ ಜನಿಸಿದರು. ಮಧ್ಯಮವರ್ಗದ ವ್ಯಾಪಾರಿ ಕುಟುಂಬ ಅವರದು. ಹದಿವಯಸ್ಸಿನ ಆರಂಭದಲ್ಲೇ ತಾಯಿಯನ್ನು ಕಳೆದುಕೊಂಡರು. ಚಾರ್ಟರ್‌ಹೌಸ್ ಶಾಲೆಯಲ್ಲಿ ಓದು ಮುಗಿಸುವ ಹೊತ್ತಿಗೆ ಮೊದಲ ಮಹಾಯುದ್ಧ ಕೊನೆಗೊಂಡಿತು. ಹೀಗಾಗಿ ತಮ್ಮ ತಲೆಮಾರಿನ ಅಸಂಖ್ಯಾತ ತರುಣರನ್ನು ಬಲಿತೆಗೆದುಕೊಂಡ ಯುದ್ಧಭೂಮಿಗೆ ಹೋಗುವುದರಿಂದ ಅವರು ಪಾರಾದರು. ೧೯೧೯ರಲ್ಲಿ ಕೇಂಬ್ರಿಡ್ಜ್‌ನ ಪೆಂಬ್ರೋಕ್ ಕಾಲೇಜನ್ನು ಸೇರಿದರು. ಇತಿಹಾಸವನ್ನು ಓದಬೇಕೆಂದಿದ್ದವರು ಅರ್ಥಶಾಸ್ತ್ರವನ್ನು ಆರಿಸಿಕೊಂಡು, ಟ್ರೈಪಾಸ್ ಪರೀಕ್ಷೆಯ ಎರಡೂ ಭಾಗಗಳಲ್ಲಿ ಪ್ರಥಮ ದರ್ಜೆ ಪಡೆದರು. ಮೊದಲು ಒಲಿದಿದ್ದ ಇತಿಹಾಸವನ್ನು ಅವರು ಕೊನೆಯವರೆಗೂ ಬಿಡಲಿಲ್ಲ ಎಂಬುದು ಮುಂದಿನ ಬರವಣಿಗೆಯಿಂದ ಸ್ಪಷ್ಟವಾಗುತ್ತದೆ.

ಆಗಿನ ಕೇಂಬ್ರಿಡ್ಜ್ ಅರ್ಥಶಾಸ್ತ್ರವು ಆಲ್‌ಫ್ರೆಡ್ ಮಾರ್ಷಲ್ ಅವರ ಚಿಂತನೆಯ ನೆರಳಿನಲ್ಲಿತ್ತು. ಮಾರ್ಷಲ್ ಅವರ ಪೀಠದಲ್ಲಿ ಪೀಗೂ ಇದ್ದರು. ಜಾನ್ ಮೇನಾರ್ಡ್ ಕೇನ್ಸ್ ಅವರ ಸುತ್ತ ಪ್ರತಿಭಾವಂತ ವಿದ್ಯಾರ್ಥಿಗಳ ಬಳಗವೊಂದು ಬೆಳೆಯುತ್ತಿತ್ತು. ಡಾಬ್ ಕೂಡ ಆ ಬಳಗದ ಸಭೆಗಳಲ್ಲಿ ಭಾಗವಹಿಸುತ್ತಿದ್ದರು. ಇದೇ ವೇಳೆಗೆ ರಷ್ಯಾದ ಕ್ರಾಂತಿ ಅವರನ್ನು ಗಾಢವಾಗಿ ಸೆಳೆಯಿತು. ೧೯೨೦ರ ದಶಕದ ಆರಂಭದಲ್ಲಿ ಅವರು ಗ್ರೇಟ್ ಬ್ರಿಟನ್ನಿನ ಕಮ್ಯುನಿಸ್ಟ್ ಪಕ್ಷವನ್ನು ಸೇರಿದರು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಸಂಶೋಧನೆ ನಡೆಸಿ ೧೯೨೪ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಅದೇ ವರ್ಷ ಕೇಂಬ್ರಿಡ್ಜ್‌ಗೆ ಅಧ್ಯಾಪಕರಾಗಿ ಮರಳಿದರು.

ಅವರ ಸಂಶೋಧನ ಪ್ರಬಂಧವು ೧೯೨೫ರಲ್ಲಿ ಬಂಡವಾಳಶಾಹಿ ಉದ್ಯಮ ಮತ್ತು ಸಾಮಾಜಿಕ ಪ್ರಗತಿಯನ್ನು ಕುರಿತ ಗ್ರಂಥವಾಗಿ ಪ್ರಕಟವಾಯಿತು. ಮಾರ್ಷಲ್ ಅವರ ಸಿದ್ಧಾಂತ ಮತ್ತು ಮಾರ್ಕ್ಸ್‌ನ ಶೋಷಣೆಯ ಪರಿಕಲ್ಪನೆಗಳನ್ನು ಒಂದೇ ಚೌಕಟ್ಟಿನೊಳಗೆ ಹೊಂದಿಸುವ ಪ್ರಯತ್ನ ಅದರಲ್ಲಿತ್ತು. ಈ ಹೊಂದಾಣಿಕೆ ಯಶಸ್ವಿಯಾಗಲಿಲ್ಲವೆಂದೇ ಡಾಬ್ ಮುಂದೆ ಭಾವಿಸಿದರು. ಎರಡು ಸಿದ್ಧಾಂತಗಳು ಬೇರೆ ಬೇರೆ ಪ್ರಶ್ನೆಗಳಿಂದ ಹೊರಡುತ್ತವೆ, ಆದ್ದರಿಂದ ಒಂದರ ಉತ್ತರವನ್ನು ಇನ್ನೊಂದರ ಬಾಯಲ್ಲಿ ಹೇಳಿಸಲಾಗದು ಎಂಬ ಅರಿವು ಅವರ ಮುಂದಿನ ಚಿಂತನೆಗೆ ತಳಹದಿಯಾಯಿತು.

೩

೧೯೨೫ರಲ್ಲಿ ಡಾಬ್ ಸೋವಿಯತ್ ಒಕ್ಕೂಟಕ್ಕೆ ಭೇಟಿ ನೀಡಿದರು. ಈ ಅನುಭವ ಮತ್ತು ಅಧ್ಯಯನದ ಫಲವಾಗಿ ಕ್ರಾಂತಿಯ ನಂತರದ ರಷ್ಯಾದ ಆರ್ಥಿಕ ಬೆಳವಣಿಗೆಯನ್ನು ಕುರಿತ ಗ್ರಂಥ ೧೯೨೮ರಲ್ಲಿ ಹೊರಬಂದಿತು. ಅದೇ ವರ್ಷ ಕೇಂಬ್ರಿಡ್ಜ್ ಆರ್ಥಿಕ ಕೈಪಿಡಿಗಳ ಮಾಲೆಯಲ್ಲಿ ಕೂಲಿಯನ್ನು ಕುರಿತ ಅವರ ಕಿರುಗ್ರಂಥವೂ ಪ್ರಕಟವಾಯಿತು. ಆ ಮಾಲೆಯ ಸಂಪಾದಕರು ಕೇನ್ಸ್. ಒಂದೇ ವರ್ಷ ಪ್ರಕಟವಾದ ಈ ಎರಡು ಕೃತಿಗಳು ಡಾಬ್ ಅವರ ಇಬ್ಬಗೆಯ ಸ್ಥಿತಿಯನ್ನು ಸೂಚಿಸುತ್ತವೆ. ಒಂದು, ತರಗತಿಯ ವಿದ್ಯಾರ್ಥಿಗಳಿಗಾಗಿ ಸಂಯಮದಿಂದ ಬರೆದ ಪಠ್ಯ; ಮತ್ತೊಂದು, ಹೊಸ ಸಮಾಜವೊಂದರ ಪ್ರಯೋಗವನ್ನು ಸಹಾನುಭೂತಿಯಿಂದ ಕಂಡ ಅಧ್ಯಯನ.

೧೯೨೯ರ ಮಹಾಕುಸಿತದ ಬಳಿಕ ಕೇಂಬ್ರಿಡ್ಜ್‌ನ ವಾತಾವರಣ ಬದಲಾಯಿತು. ನಿರುದ್ಯೋಗ ಮತ್ತು ಫ್ಯಾಸಿಸಂಗಳನ್ನು ಕಣ್ಣಾರೆ ಕಂಡ ತರುಣರು ಎಡಪಂಥದತ್ತ ವಾಲಿದರು. ಅದುವರೆಗೆ ಹೆಚ್ಚುಕಡಿಮೆ ಏಕಾಂಗಿಯಾಗಿದ್ದ ಡಾಬ್ ಅವರಿಗೆ ಕೇಳುಗರ ಹೊಸ ಪೀಳಿಗೆ ದೊರೆಯಿತು. ೧೯೩೩ರಿಂದ ಮುಂದೆ ಸಮಾಜವಾದಿ ವ್ಯವಸ್ಥೆಯಲ್ಲಿ ಬೆಲೆ ಮತ್ತು ಯೋಜನೆಯ ಸ್ಥಾನವನ್ನು ಕುರಿತು ನಡೆದ ವಾಗ್ವಾದದಲ್ಲಿ ಅವರು ಅಬ್ಬಾ ಲರ್ನರ್ ಅವರೊಡನೆ ಸೆಣಸಿದರು. ಮಾರುಕಟ್ಟೆಯನ್ನು ಅನುಕರಿಸುವುದೇ ಸಮಾಜವಾದಿ ಯೋಜನೆಯ ಗುರಿಯಾಗಬೇಕೆಂಬ ವಾದವನ್ನು ಡಾಬ್ ಒಪ್ಪಲಿಲ್ಲ. ಬಂಡವಾಳ ಹೂಡಿಕೆಯ ತೀರ್ಮಾನಗಳನ್ನು ಬಿಡಿಬಿಡಿಯಾಗಿ ಕೈಗೊಂಡು ಆಮೇಲೆ ಮಾರುಕಟ್ಟೆಯ ಮೂಲಕ ತಿದ್ದಿಕೊಳ್ಳುವುದಕ್ಕಿಂತ, ಅವುಗಳನ್ನು ಮುಂಚಿತವಾಗಿಯೇ ಪರಸ್ಪರ ಹೊಂದಿಸುವುದು ಯೋಜನೆಯ ನಿಜವಾದ ಶಕ್ತಿ ಎಂಬುದು ಅವರ ನಿಲುವಾಗಿತ್ತು.

೧೯೩೭ರಲ್ಲಿ ಪ್ರಕಟವಾದ 'ಪೊಲಿಟಿಕಲ್ ಎಕಾನಮಿ ಅಂಡ್ ಕ್ಯಾಪಿಟಲಿಸಂ' ಗ್ರಂಥ ಅವರ ಸೈದ್ಧಾಂತಿಕ ನಿಲುವನ್ನು ಸಮಗ್ರವಾಗಿ ಮಂಡಿಸಿತು. ಗ್ರಾಹಕನ ಇಚ್ಛೆ ಮತ್ತು ಸೀಮಾಂತ ತುಷ್ಟಿಗುಣದಿಂದ ಹೊರಡುವ ಅರ್ಥಶಾಸ್ತ್ರವು ವಿನಿಮಯದ ಮಟ್ಟದಲ್ಲೇ ಉಳಿಯುತ್ತದೆ. ಅಲ್ಲಿ ಕೊಳ್ಳುವವರು ಮತ್ತು ಮಾರುವವರು ಮಾತ್ರ ಕಾಣಿಸುತ್ತಾರೆ. ಉತ್ಪಾದನೆಯ ಸಾಧನಗಳನ್ನು ಹೊಂದಿದವರು ಮತ್ತು ದುಡಿಮೆಯನ್ನಲ್ಲದೆ ಬೇರೇನನ್ನೂ ಮಾರಲಾಗದವರು ಎಂಬ ಭೇದ ಅಲ್ಲಿ ಮರೆಯಾಗುತ್ತದೆ. ಒಂದು ಸಿದ್ಧಾಂತವು ಯಾವುದನ್ನು ಅಮೂರ್ತೀಕರಿಸಿ ಪಕ್ಕಕ್ಕಿಡುತ್ತದೆ ಎಂಬುದರಲ್ಲೇ ಅದರ ಸಾಮಾಜಿಕ ನಿಲುವು ಅಡಗಿರುತ್ತದೆ ಎಂಬ ಡಾಬ್ ಅವರ ಈ ಪ್ರತಿಪಾದನೆಯು ಅರ್ಥಶಾಸ್ತ್ರದ ಆಚೆಗೂ ಅನ್ವಯವಾಗಬಲ್ಲದು.

೪

ಡಾಬ್ ಅವರ ಕೀರ್ತಿಗೆ ಮುಖ್ಯ ಆಧಾರವಾದ 'ಸ್ಟಡೀಸ್ ಇನ್ ದ ಡೆವಲಪ್‌ಮೆಂಟ್ ಆಫ್ ಕ್ಯಾಪಿಟಲಿಸಂ' ೧೯೪೬ರಲ್ಲಿ ಪ್ರಕಟವಾಯಿತು. ಇಲ್ಲಿ ಅವರು ಎತ್ತಿದ ಪ್ರಶ್ನೆ ಸರಳವಾದುದು: ಪಶ್ಚಿಮ ಯುರೋಪಿನಲ್ಲಿ ಊಳಿಗಮಾನ್ಯ ಪದ್ಧತಿ ಏಕೆ ಕುಸಿಯಿತು? ದೂರದೇಶಗಳೊಡನೆ ನಡೆದ ವ್ಯಾಪಾರ, ನಗರಗಳ ಬೆಳವಣಿಗೆ ಮತ್ತು ಹಣದ ಚಲಾವಣೆಗಳು ಆ ಪದ್ಧತಿಯನ್ನು ಕರಗಿಸಿದವು ಎಂಬುದು ಆಗ ಬಹುಮಟ್ಟಿಗೆ ಒಪ್ಪಿತವಾಗಿದ್ದ ಉತ್ತರ. ಡಾಬ್ ಇದನ್ನು ಪ್ರಶ್ನಿಸಿದರು. ಊಳಿಗಮಾನ್ಯ ಪದ್ಧತಿಯ ಜೀವಾಳವಿರುವುದು ಜೀತದ ಸಂಬಂಧದಲ್ಲಿ, ಅಂದರೆ ಆರ್ಥಿಕೇತರ ಬಲಾತ್ಕಾರದಿಂದ ರೈತನ ಹೆಚ್ಚುವರಿ ದುಡಿಮೆಯನ್ನು ಒಡೆಯನು ಕಸಿದುಕೊಳ್ಳುವುದರಲ್ಲಿ ಎಂದು ಅವರು ನಿರೂಪಿಸಿದರು. ಯುದ್ಧ ಮತ್ತು ವೈಭವಗಳಿಗಾಗಿ ಒಡೆಯರ ವರಮಾನದ ಹಸಿವು ಬೆಳೆಯುತ್ತಾ ಹೋಯಿತು. ಉತ್ಪಾದನೆಯ ಶಕ್ತಿ ಅದಕ್ಕೆ ತಕ್ಕಂತೆ ಹೆಚ್ಚಲಿಲ್ಲ. ಹಿಂಡಿಸಿಕೊಂಡ ರೈತರು ನೆಲವನ್ನು ತೊರೆದು ಓಡಿಹೋದರು. ವ್ಯವಸ್ಥೆಯ ಬಿಕ್ಕಟ್ಟು ಮುಖ್ಯವಾಗಿ ಅದರ ಒಡಲಿನಿಂದಲೇ ಹುಟ್ಟಿತು ಎಂಬುದು ಇದರ ತಾತ್ಪರ್ಯ.

ಇದಕ್ಕೆ ಅವರು ಒದಗಿಸಿದ ಪುರಾವೆಗಳಲ್ಲಿ ಪೂರ್ವ ಯುರೋಪಿನ ನಿದರ್ಶನ ಮುಖ್ಯವಾದುದು. ವ್ಯಾಪಾರವೇ ಜೀತವನ್ನು ಕರಗಿಸುವುದಾಗಿದ್ದರೆ, ಧಾನ್ಯದ ವ್ಯಾಪಾರ ವಿಸ್ತರಿಸಿದ ಎಲ್ಬಾ ನದಿಯ ಪೂರ್ವದ ಪ್ರದೇಶಗಳಲ್ಲಿ ಜೀತ ಸಡಿಲಗೊಳ್ಳಬೇಕಾಗಿತ್ತು. ಅಲ್ಲಿ ಆದದ್ದು ಇದಕ್ಕೆ ವಿರುದ್ಧ. ಜೀತ ಮತ್ತಷ್ಟು ಬಿಗಿಯಾಯಿತು. ವ್ಯಾಪಾರ ಒಂದೇ ಆದರೂ ಪರಿಣಾಮಗಳು ಬೇರೆಯಾದದ್ದಕ್ಕೆ ಆಯಾ ಪ್ರದೇಶದ ಉತ್ಪಾದನಾ ಸಂಬಂಧಗಳಲ್ಲಿ ಕಾರಣವನ್ನು ಹುಡುಕಬೇಕು. ಹಾಗೆಯೇ ಬಂಡವಾಳಶಾಹಿಯ ಉದಯಕ್ಕೂ ಡಾಬ್ ಮಾರ್ಕ್ಸ್‌ನನ್ನು ಅನುಸರಿಸಿ ಎರಡು ದಾರಿಗಳನ್ನು ಗುರುತಿಸಿದರು. ಉತ್ಪಾದಕನೇ ಬೆಳೆದು ವರ್ತಕನೂ ಬಂಡವಾಳಿಗನೂ ಆಗುವುದು ಒಂದು. ವರ್ತಕನು ಹಳೆಯ ಉತ್ಪಾದನಾ ವಿಧಾನವನ್ನು ಹಾಗೆಯೇ ಉಳಿಸಿಕೊಂಡು ಅದರ ಮೇಲೆ ಹಿಡಿತ ಸಾಧಿಸುವುದು ಇನ್ನೊಂದು. ಇವುಗಳಲ್ಲಿ ಮೊದಲನೆಯದೇ ನಿಜವಾಗಿ ಕ್ರಾಂತಿಕಾರಕವಾದುದು.

೧೯೫೦ರಲ್ಲಿ ಅಮೆರಿಕದ ಮಾರ್ಕ್ಸ್‌ವಾದಿ ಪಾಲ್ ಸ್ವೀಜಿ ಅವರು 'ಸೈನ್ಸ್ ಅಂಡ್ ಸೊಸೈಟಿ' ಪತ್ರಿಕೆಯಲ್ಲಿ ಈ ಗ್ರಂಥವನ್ನು ವಿಮರ್ಶಿಸಿದರು. ಊಳಿಗಮಾನ್ಯ ಪದ್ಧತಿ ಸ್ವಭಾವತಃ ಜಡವಾದುದರಿಂದ ಅದನ್ನು ಕದಲಿಸಲು ಹೊರಗಿನ ವ್ಯಾಪಾರದ ಒತ್ತಡವೇ ಬೇಕಾಯಿತು ಎಂದು ಅವರು ವಾದಿಸಿದರು. ಡಾಬ್ ಉತ್ತರಿಸಿದರು. ಜಪಾನಿನ ತಾಕಾಹಾಶಿ, ಇಂಗ್ಲೆಂಡಿನ ರಾಡ್ನಿ ಹಿಲ್ಟನ್ ಮತ್ತು ಕ್ರಿಸ್ಟೋಫರ್ ಹಿಲ್ ಚರ್ಚೆಯಲ್ಲಿ ಪಾಲ್ಗೊಂಡರು. ಸ್ಥಿತ್ಯಂತರದ ಚರ್ಚೆ ಎಂದೇ ಹೆಸರಾದ ಈ ವಾಗ್ವಾದದಲ್ಲಿ ಡಾಬ್ ಎದುರಾಳಿಯ ಪ್ರಬಲ ಅಂಶಗಳನ್ನು ಒಪ್ಪಿಕೊಳ್ಳಲು ಹಿಂಜರಿಯಲಿಲ್ಲ. ವ್ಯಾಪಾರದ ಪಾತ್ರವನ್ನು ಅವರು ಅಲ್ಲಗಳೆಯಲೂ ಇಲ್ಲ. ಒಳಗಿನ ಸಂಘರ್ಷವನ್ನು ಅದು ತೀವ್ರಗೊಳಿಸಿತೆಂದರು. ಬ್ರಿಟನ್ನಿನ ಕಮ್ಯುನಿಸ್ಟ್ ಇತಿಹಾಸಕಾರರ ಬಳಗಕ್ಕೆ ಈ ಗ್ರಂಥ ಚರ್ಚೆಯ ಕೇಂದ್ರವಾಯಿತು. ೧೯೫೨ರಲ್ಲಿ ಆರಂಭವಾದ 'ಪಾಸ್ಟ್ ಅಂಡ್ ಪ್ರೆಸೆಂಟ್' ಪತ್ರಿಕೆಯ ಮೊದಲ ಸಂಪಾದಕ ಮಂಡಳಿಯಲ್ಲಿ ಡಾಬ್ ಕೂಡ ಇದ್ದರು.

೫

ಇಷ್ಟು ಪ್ರಭಾವ ಬೀರಿದ ವಿದ್ವಾಂಸನಿಗೆ ವಿಶ್ವವಿದ್ಯಾಲಯದಲ್ಲಿ ದೊರೆತ ಸ್ಥಾನವನ್ನು ಗಮನಿಸಬೇಕು. ಅಧ್ಯಾಪಕರಾಗಿ ೨೪ ವರ್ಷಗಳು ಕಳೆದ ಮೇಲೆ, ೧೯೪೮ರಲ್ಲಿ, ಅವರು ಟ್ರಿನಿಟಿ ಕಾಲೇಜಿನ ಫೆಲೋ ಆದರು. ರೀಡರ್ ಹುದ್ದೆ ದೊರೆತದ್ದು ೧೯೫೯ರಲ್ಲಿ. ಪ್ರಾಧ್ಯಾಪಕ ಪೀಠ ಕೊನೆಗೂ ಒದಗಲಿಲ್ಲ. ಅವರ ಅಧ್ಯಾಪನಕ್ಕೆ ವಿಶ್ವವಿದ್ಯಾಲಯ ಅವಕಾಶ ನೀಡಿತಾದರೂ ಅವರ ಸಿದ್ಧಾಂತಕ್ಕೆ ಪಠ್ಯಕ್ರಮದ ಅಂಚಿನಲ್ಲಷ್ಟೇ ಜಾಗವಿತ್ತು. ಇದೇ ಕಾಲದಲ್ಲಿ ಸ್ವೀಜಿ ಅವರು ಹಾರ್ವರ್ಡ್ ತೊರೆದು ೧೯೪೯ರಲ್ಲಿ 'ಮಂತ್ಲಿ ರಿವ್ಯೂ' ಪತ್ರಿಕೆಯನ್ನು ಕಟ್ಟಿದರು. ಡಾಬ್ ಒಳಗೇ ಉಳಿದರು. ಹೊರಗೆ ಹೋದವರಿಗೆ ಸ್ವಾತಂತ್ರ್ಯ ಸಿಕ್ಕಿತು. ಒಳಗುಳಿದವರಿಗೆ ವಿದ್ಯಾರ್ಥಿಗಳು ಸಿಕ್ಕರು.

ಟ್ರಿನಿಟಿಯಲ್ಲಿ ಅವರು ಕೈಗೊಂಡ ದೊಡ್ಡ ಕೆಲಸ ತಮ್ಮ ಹೆಸರಿಗಿಂತ ಮತ್ತೊಬ್ಬರ ಹೆಸರನ್ನು ಮುಂದಿಟ್ಟದ್ದು. ಡೇವಿಡ್ ರಿಕಾರ್ಡೋನ ಸಮಗ್ರ ಕೃತಿಗಳ ಸಂಪಾದನೆಯನ್ನು ಪಿಯೆರೋ ಸ್ರಾಫಾ ೧೯೩೦ರಲ್ಲಿ ಆರಂಭಿಸಿದ್ದರು. ಪರಿಪೂರ್ಣತೆಯ ಹಂಬಲದಿಂದಾಗಿ ಆ ಕೆಲಸ ವರ್ಷಗಟ್ಟಲೆ ನಿಂತುಹೋಗಿತ್ತು. ೧೯೪೮ರಿಂದ ಡಾಬ್ ಸ್ರಾಫಾ ಅವರ ಜೊತೆಗೂಡಿ, ಪೀಠಿಕೆಗಳನ್ನು ಬರೆಹಕ್ಕಿಳಿಸಲು ನೆರವಾದರು. ಪರಿಣಾಮವಾಗಿ ೧೯೫೧ರಿಂದ ೧೯೫೫ರ ನಡುವೆ ೧೦ ಸಂಪುಟಗಳು ಹೊರಬಂದವು. ಸೂಚಿಯ ಸಂಪುಟ ೧೯೭೩ರಲ್ಲಿ ಪ್ರಕಟವಾಯಿತು. ಗ್ರಂಥಸಂಪಾದನೆಯ ಕಷ್ಟವನ್ನು ಬಲ್ಲ ಕನ್ನಡ ಸಂಶೋಧಕರಿಗೆ ಇಂತಹ ಸಹಯೋಗದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಭಾರತದೊಡನೆಯೂ ಡಾಬ್ ಅವರಿಗೆ ನೇರವಾದ ನಂಟಿತ್ತು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಆರ್ಥಿಕ ಅಭಿವೃದ್ಧಿಯನ್ನು ಕುರಿತು ಅವರು ನೀಡಿದ ಮೂರು ಉಪನ್ಯಾಸಗಳು ೧೯೫೧ರಲ್ಲಿ ಪುಸ್ತಕವಾದವು. ಆ ಸಂಸ್ಥೆಯ ಸ್ಥಾಪಕರಾದ ವಿ.ಕೆ.ಆರ್.ವಿ. ರಾವ್ ಅವರೇ ಮುಂದೆ ೧೯೭೨ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. ೧೯೫೩ರಲ್ಲಿ ಟ್ರಿನಿಟಿಗೆ ಬಂದ ಅಮರ್ತ್ಯ ಸೇನ್ ಅವರನ್ನು ಆ ಕಾಲೇಜಿನತ್ತ ಸೆಳೆದವರಲ್ಲಿ ಡಾಬ್ ಒಬ್ಬರು. ದುಡಿಯುವ ಕೈಗಳು ಹೇರಳವಾಗಿರುವ ಬಡದೇಶವು ಹೆಚ್ಚು ಬಂಡವಾಳ ಬೇಡುವ ತಂತ್ರಗಳನ್ನು ಏಕೆ ಆರಿಸಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಗುರುಶಿಷ್ಯರಿಬ್ಬರೂ ಕೈಗೆತ್ತಿಕೊಂಡರು. ಇಂದಿನ ಉದ್ಯೋಗಕ್ಕಿಂತ ನಾಳಿನ ಹೂಡಿಕೆಗೆ ಉಳಿಯುವ ಮಿಗತೆ ಮುಖ್ಯವೆಂಬುದು ಡಾಬ್ ಅವರ ವಾದದ ತಿರುಳು. ೧೯೫೬ರಲ್ಲಿ ಆರಂಭವಾದ ಭಾರತದ ಎರಡನೆಯ ಪಂಚವಾರ್ಷಿಕ ಯೋಜನೆಯು ಭಾರೀ ಕೈಗಾರಿಕೆಗಳಿಗೆ ನೀಡಿದ ಒತ್ತಿನೊಡನೆ ಈ ಚಿಂತನೆಗೆ ನಿಕಟವಾದ ಸಾಮ್ಯವಿದೆ.

೬

ಡಾಬ್ ಅವರನ್ನು ಮೌಲ್ಯಮಾಪನ ಮಾಡುವಾಗ ಎದುರಾಗುವ ಕಠಿಣ ಪ್ರಶ್ನೆ ಸೋವಿಯತ್ ಒಕ್ಕೂಟಕ್ಕೆ ಸಂಬಂಧಿಸಿದ್ದು. ೧೯೪೮ರಲ್ಲಿ ಪ್ರಕಟವಾದ ಸೋವಿಯತ್ ಆರ್ಥಿಕ ಬೆಳವಣಿಗೆಯ ಗ್ರಂಥವು ಯೋಜನೆ ಮತ್ತು ಕೈಗಾರಿಕೀಕರಣದ ತರ್ಕವನ್ನು ಪಾಂಡಿತ್ಯದಿಂದ ವಿವರಿಸುತ್ತದೆ. ಆದರೆ ಬೇಸಾಯದ ಬಲವಂತದ ಸಾಮೂಹಿಕೀಕರಣಕ್ಕೆ ಮತ್ತು ೧೯೩೨-೩೩ರ ಕ್ಷಾಮಕ್ಕೆ ರೈತರು ತೆತ್ತ ಬೆಲೆಗೆ ಅದರಲ್ಲಿ ತಕ್ಕ ಸ್ಥಾನ ದೊರೆಯಲಿಲ್ಲ. ಮಧ್ಯಯುಗದ ಇಂಗ್ಲೆಂಡಿನಲ್ಲಿ ರೈತನ ಮಿಗತೆಯನ್ನು ಬಲಾತ್ಕಾರದಿಂದ ಕಸಿದ ಬಗೆಯನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಕಣ್ಣು ತನ್ನ ಕಾಲದ ಬಲಾತ್ಕಾರವನ್ನು ಅದೇ ತೀಕ್ಷ್ಣತೆಯಿಂದ ನೋಡಲಿಲ್ಲ. ಪಕ್ಷನಿಷ್ಠೆಯು ವಿದ್ವತ್ತಿಗೆ ಹಾಕಿದ ಮಿತಿ ಇದೆಂದೇ ಹೇಳಬೇಕಾಗುತ್ತದೆ.

೧೯೫೬ರಲ್ಲಿ ಸ್ಟಾಲಿನ್ ಕಾಲದ ಕ್ರೌರ್ಯಗಳು ಸೋವಿಯತ್ ಪಕ್ಷದ ಒಳಗಿನಿಂದಲೇ ಬಯಲಾದವು. ಹಂಗೇರಿಯ ದಂಗೆಯನ್ನು ಸೋವಿಯತ್ ಸೈನ್ಯ ಹತ್ತಿಕ್ಕಿತು. ಆ ಬಳಿಕ ಹಿಲ್ಟನ್, ಹಿಲ್, ಇ.ಪಿ. ಥಾಂಪ್ಸನ್ ಮೊದಲಾದವರು ಪಕ್ಷವನ್ನು ತೊರೆದರು. ಡಾಬ್ ವಿಮರ್ಶೆಯ ದನಿಯೊಡನೆ ಒಳಗೇ ಉಳಿದರು. ಮುಂದಿನ ಬರಹಗಳಲ್ಲಿ ಅವರು ಕೇಂದ್ರೀಕೃತ ಯೋಜನೆಯ ಬಿಗಿತನವನ್ನು ಗುರುತಿಸಿ, ಪೂರ್ವ ಯುರೋಪಿನ ಆರ್ಥಿಕ ಸುಧಾರಣೆಗಳನ್ನು ಆಸಕ್ತಿಯಿಂದ ಚರ್ಚಿಸಿದರು. ಈ ತಿದ್ದುಪಡಿ ಅವರ ಹಿಂದಿನ ಮೌನವನ್ನು ಅಳಿಸಲಾರದು. ಹಾಗೆಯೇ ಆ ಮೌನವು ಅವರ ಚಾರಿತ್ರಿಕ ವಿಶ್ಲೇಷಣೆಯ ಬೆಲೆಯನ್ನೂ ಇಲ್ಲವಾಗಿಸದು. ಎರಡನ್ನೂ ಒಟ್ಟಿಗೆ ನೋಡುವುದು ಅಗತ್ಯ.

೧೯೬೭ರಲ್ಲಿ ಡಾಬ್ ನಿವೃತ್ತರಾದರು. ಅದೇ ವರ್ಷ ಅವರಿಗೆ ಅಭಿನಂದನ ಗ್ರಂಥ ಅರ್ಪಿತವಾಯಿತು. ೧೯೭೩ರಲ್ಲಿ ಆಡಂ ಸ್ಮಿತ್‌ನಿಂದ ಮುಂದಿನ ಮೌಲ್ಯ ಮತ್ತು ವಿತರಣೆಯ ಸಿದ್ಧಾಂತಗಳನ್ನು ಕುರಿತ ಅವರ ಕೊನೆಯ ಮಹತ್ವದ ಗ್ರಂಥ ಹೊರಬಂದಿತು. ರಿಕಾರ್ಡೋನಿಂದ ಮಾರ್ಕ್ಸ್‌ನ ಮೂಲಕ ಸ್ರಾಫಾವರೆಗೆ ಹರಿದುಬಂದ ಧಾರೆಯನ್ನು ಅದು ಗುರುತಿಸುತ್ತದೆ. ೧೯೭೬ರ ಆಗಸ್ಟ್ ೧೭ರಂದು ಡಾಬ್ ನಿಧನರಾದರು. ಸ್ಥಿತ್ಯಂತರದ ಚರ್ಚೆಯ ಲೇಖನಗಳು ಹಿಲ್ಟನ್ ಅವರ ಪ್ರಸ್ತಾವನೆಯೊಂದಿಗೆ ಮರುಸಂಕಲನಗೊಂಡು ಪ್ರಕಟವಾದದ್ದೂ ಅದೇ ವರ್ಷ.

೭

ಭಾರತದ ಇತಿಹಾಸದಲ್ಲಿ ಊಳಿಗಮಾನ್ಯ ಪದ್ಧತಿ ಇತ್ತೇ ಎಂಬ ಚರ್ಚೆಯು ಆರ್.ಎಸ್. ಶರ್ಮ ಅವರ ೧೯೬೫ರ ಗ್ರಂಥ ಮತ್ತು ಅದನ್ನು ಪ್ರಶ್ನಿಸಿದ ಹರ್‌ಬನ್ಸ್ ಮುಖಿಯಾ ಅವರ ಬರಹಗಳ ಮೂಲಕ ಬೆಳೆಯಿತು. ವ್ಯಾಪಾರ ಮುಖ್ಯವೋ, ಉತ್ಪಾದನಾ ಸಂಬಂಧ ಮುಖ್ಯವೋ ಎಂಬ ಡಾಬ್ ಮತ್ತು ಸ್ವೀಜಿ ಅವರ ಪ್ರಶ್ನೆ ಅಲ್ಲಿಯೂ ಬೇರೆ ರೂಪದಲ್ಲಿ ಮರಳಿತು. ಕರ್ನಾಟಕದ ಸಂದರ್ಭಕ್ಕೂ ಇದು ಹೊರತಲ್ಲ. ಅಯ್ಯಾವೊಳೆ ಐನೂರ್ವರಂತಹ ವರ್ತಕ ಸಂಘಗಳು ಶಾಸನಗಳಲ್ಲಿ ಕಾಣಿಸಿಕೊಂಡ ಮಾತ್ರಕ್ಕೆ ಹನ್ನೆರಡನೆಯ ಶತಮಾನದ ವಚನ ಚಳುವಳಿಯನ್ನು ವಣಿಕ ವರ್ಗದ ಏಳಿಗೆಯಿಂದ ವಿವರಿಸಿಬಿಡಬಹುದೇ? ಆ ವರ್ತಕರು ಉತ್ಪಾದನೆಯ ಕ್ರಮವನ್ನು ಬದಲಿಸಿದರೋ, ಇದ್ದ ಕ್ರಮದೊಳಗೇ ಲಾಭ ಪಡೆದರೋ? ಕಾಯಕಜೀವಿಗಳಾದ ವಚನಕಾರರ ದುಡಿಮೆಯ ಮಿಗತೆ ಯಾರ ಪಾಲಾಗುತ್ತಿತ್ತು? ದತ್ತಿ, ಉಂಬಳಿ, ಸುಂಕ ಮತ್ತು ತೆರಿಗೆಗಳ ವಿವರಗಳನ್ನು ಹೊತ್ತ ನಮ್ಮ ಶಾಸನರಾಶಿಯನ್ನು ಈ ಪ್ರಶ್ನೆಗಳೊಂದಿಗೆ ಮತ್ತೊಮ್ಮೆ ಓದಬೇಕಾಗಿದೆ. ಯುರೋಪಿನ ಉತ್ತರಗಳನ್ನು ಇಲ್ಲಿಗೆ ತಂದು ಹೇರಬೇಕಾಗಿಲ್ಲ. ಪರಿಕಲ್ಪನೆಯೊಂದನ್ನು ಬಳಸುವ ಮುನ್ನ ಅದು ಯಾವ ಸಂಬಂಧವನ್ನು ಹೆಸರಿಸುತ್ತದೆ ಎಂಬುದನ್ನು ನಿಶ್ಚಯಿಸಿಕೊಳ್ಳುವ ಡಾಬ್ ಅವರ ಶಿಸ್ತನ್ನು ಮಾತ್ರ ಕನ್ನಡ ಸಂಶೋಧನೆ ತನ್ನದಾಗಿಸಿಕೊಳ್ಳಬಹುದು.