ತಾಯ್ನುಡಿಗೆ ಮರಳಿದ ಮಹಾಕವಿ ಮೈಕೆಲ್ ಮಧುಸೂದನ ದತ್ತ

ಮನುಷ್ಯನು ಹೊಸದೊಂದು ಧರ್ಮವನ್ನು ಸ್ವೀಕರಿಸಿದಾಗ ತನ್ನ ತಾಯ್ನುಡಿಯನ್ನೂ ತೊರೆಯಬೇಕೆ? ಹತ್ತೊಂಬತ್ತನೆಯ ಶತಮಾನದ ಬಂಗಾಳದಲ್ಲಿ ಈ ಪ್ರಶ್ನೆಗೆ ತಮ್ಮ ಬಾಳನ್ನೇ ತೆತ್ತು ಉತ್ತರ ಅರಸಿದವರು ಮೈಕೆಲ್ ಮಧುಸೂದನ ದತ್ತರು.

ಇಂದಿನ ಬಾಂಗ್ಲಾದೇಶಕ್ಕೆ ಸೇರಿದ ಸಾಗರ್ದಾರಿ ಎಂಬ ಹಳ್ಳಿಯಲ್ಲಿ, ಕಪೋತಾಕ್ಷ ನದಿಯ ತೀರದಲ್ಲಿ, 1824ರ ಜನವರಿ 25ರಂದು ಅವರು ಜನಿಸಿದರು. ತಂದೆ ರಾಜನಾರಾಯಣ ದತ್ತರು ವಕೀಲರು, ತಾಯಿ ಜಾಹ್ನವೀದೇವಿ. ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ಓದುತ್ತಿದ್ದಾಗ ಇಂಗ್ಲಿಷ್ ಕಾವ್ಯವು ಈ ತರುಣನ ಮನಸ್ಸನ್ನು ಸೂರೆಗೊಂಡಿತು. ಇಂಗ್ಲೆಂಡಿಗೆ ತೆರಳಿ ಆಂಗ್ಲ ಕವಿಯೆನಿಸಬೇಕೆಂಬುದೇ ಅವರ ಏಕೈಕ ಹಂಬಲವಾಯಿತು. 1843ರ ಫೆಬ್ರವರಿ 9ರಂದು ಅವರು ಜ್ಞಾನಸ್ನಾನ ಪಡೆದರು. ಆ ನಿರ್ಧಾರದಲ್ಲಿ ವಿಶ್ವಾಸವೆಷ್ಟು, ವಿಲಾಯತಿಯ ಮೋಹವೆಷ್ಟು ಎಂಬುದನ್ನು ಅಂತರಂಗವನ್ನು ಬಲ್ಲ ದೇವರೇ ಬಲ್ಲರು. ಪರಿಣಾಮವಂತೂ ಕಠಿಣವಾಗಿತ್ತು. ಹಿಂದೂ ಕಾಲೇಜು ಬಿಡಬೇಕಾಯಿತು. ಕಾಲಾನುಕ್ರಮದಲ್ಲಿ ತಂದೆಯ ಧನಸಹಾಯವೂ ನಿಂತಿತು.

1848ರಲ್ಲಿ ಅವರು ಮದರಾಸಿನಲ್ಲಿ ಉಪಾಧ್ಯಾಯರಾಗಿ ನೆಲೆಸಿದರು. ಮರುವರ್ಷ ಅಲ್ಲಿಂದಲೇ ತಮ್ಮ ಇಂಗ್ಲಿಷ್ ಕಾವ್ಯವೊಂದನ್ನು ಪ್ರಕಟಿಸಿದರು. ನಿರೀಕ್ಷಿಸಿದ ಕೀರ್ತಿ ಬರಲಿಲ್ಲ. ಕಲ್ಕತ್ತೆಯಲ್ಲಿ ಅದನ್ನೋದಿದ ವಿದ್ಯಾಭಿಮಾನಿ ಬೆಥೂನರು, ಈ ಪ್ರತಿಭೆಯನ್ನು ಸ್ವಂತ ಭಾಷೆಗೆ ಮೀಸಲಿಡುವುದು ಲೇಸೆಂದು ಸಲಹೆಯಿತ್ತರು. ತನ್ನನ್ನು ತನ್ನವನೆನ್ನದ ಭಾಷೆಯ ಹೊಸ್ತಿಲಲ್ಲಿ ನಿಂತಿದ್ದ ಕವಿಗೆ ಅದು ಕಹಿಯಾದರೂ ಹಿತವಾದ ಮಾತು.

ತಂದೆತಾಯಿಯರಿಬ್ಬರೂ ಗತಿಸಿದ ಬಳಿಕ, 1856ರಲ್ಲಿ ದತ್ತರು ಕಲ್ಕತ್ತೆಗೆ ಹಿಂದಿರುಗಿದರು. ಪತ್ನಿ ರೆಬೆಕ್ಕಾ ಮತ್ತು ಮಕ್ಕಳು ಮದರಾಸಿನಲ್ಲಿಯೇ ಉಳಿದರು. ಅವರ ಬಾಳಿನ ಈ ಕಲೆಯನ್ನು ಮರೆಮಾಚಲಾಗದು. ಕಲ್ಕತ್ತೆಯಲ್ಲಿ ಬಂಗಾಳಿ ಅವರಿಗೆ ಒಲಿಯಿತು. 1859ರಲ್ಲಿ 'ಶರ್ಮಿಷ್ಠಾ' ನಾಟಕ, 1861ರಲ್ಲಿ ಒಂಬತ್ತು ಸರ್ಗಗಳ 'ಮೇಘನಾದವಧ' ಮಹಾಕಾವ್ಯ ಹೊರಬಂದವು. ರಾಮಾಯಣದ ಕಥೆಯನ್ನು ಮಿಲ್ಟನ್ನನಂತೆ ಅಂತ್ಯಪ್ರಾಸವಿಲ್ಲದ ಛಂದಸ್ಸಿನಲ್ಲಿ ಹೇಳಿ, ಸೋತ ಇಂದ್ರಜಿತುವಿಗೆ ನಾಯಕನ ಪಟ್ಟ ಕಟ್ಟಿದರು. ಅದೇ ಕಾಲದಲ್ಲಿ ಮಿತ್ರರಿಗೆ ಬರೆದ ಪತ್ರಗಳೋ ಬಹುಮಟ್ಟಿಗೆ ಇಂಗ್ಲಿಷಿನಲ್ಲಿದ್ದವು. ಎರಡು ಭಾಷೆಗಳ ನಡುವಣ ತುಯ್ದಾಟ ಪೂರ್ಣವಾಗಿ ಶಮಿಸಲಿಲ್ಲ.

1862ರಲ್ಲಿ ಬ್ಯಾರಿಸ್ಟರ್ ಪದವಿಗಾಗಿ ಅವರು ಇಂಗ್ಲೆಂಡಿಗೆ ಹೋದರು. ಬಾಲ್ಯದ ಕನಸಿನ ನಾಡು ಅವರಿಗೆ ನೆಮ್ಮದಿ ನೀಡಲಿಲ್ಲ. ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ ಸಾಲಬಾಧೆಯಿಂದ ಕಂಗೆಟ್ಟಾಗ ಹಣ ಕಳುಹಿಸಿ ಕಾಪಾಡಿದವರು ಪಂಡಿತ ಈಶ್ವರಚಂದ್ರ ವಿದ್ಯಾಸಾಗರರು. ಅಲ್ಲಿದ್ದಾಗಲೇ ದತ್ತರು ಹುಟ್ಟೂರಿನ ಕಪೋತಾಕ್ಷ ನದಿಯನ್ನೂ, ತಾವೊಮ್ಮೆ ಕಡೆಗಣಿಸಿದ್ದ ತಾಯ್ನುಡಿಯನ್ನೂ ನೆನೆದು ಬಂಗಾಳಿಯಲ್ಲಿ ಸಾನೆಟ್ಟುಗಳನ್ನು ರಚಿಸಿದರು.

1867ರಲ್ಲಿ ಸ್ವದೇಶಕ್ಕೆ ಮರಳಿದರೂ ದಾರಿದ್ರ್ಯ ಬೆನ್ನು ಬಿಡಲಿಲ್ಲ. ಬಾಳಸಂಗಾತಿ ಹೆನ್ರಿಯೆಟ್ಟಾ ತೀರಿಕೊಂಡ ಮೂರನೆಯ ದಿನ, 1873ರ ಜೂನ್ 29ರಂದು, ಕಲ್ಕತ್ತೆಯ ಆಸ್ಪತ್ರೆಯೊಂದರಲ್ಲಿ ಅವರು ಕೊನೆಯುಸಿರೆಳೆದರು. ಹುಟ್ಟಿದ ಸಮಾಜ ಅವರನ್ನು ಎಂದೋ ಹೊರಗಿಟ್ಟಿತ್ತು. ಸೇರಿದ ಸಭೆಯ ವರಿಷ್ಠರೂ ಕ್ರೈಸ್ತ ವಿಧಿಯಂತೆ ಭೂಸ್ಥಾಪನೆ ಮಾಡಲು ಹಿಂಜರಿದರು. ಕೊನೆಗೆ ಪಾದ್ರಿಯೊಬ್ಬರು ಮುಂದೆ ಬಂದು ಆ ಕರ್ತವ್ಯವನ್ನು ನೆರವೇರಿಸಿದರು.

ಕಲ್ಕತ್ತೆಯ ಕ್ರೈಸ್ತ ಸ್ಮಶಾನದಲ್ಲಿರುವ ಅವರ ಸಮಾಧಿಯ ಮೇಲೆ ಅವರೇ ರಚಿಸಿದ ಬಂಗಾಳಿ ಪದ್ಯವಿದೆ. ದಾರಿಹೋಕನನ್ನು ಕ್ಷಣಕಾಲ ನಿಲ್ಲುವಂತೆ ಕೋರುವ ಆ ಪದ್ಯದಲ್ಲಿ ಕಪೋತಾಕ್ಷ ತೀರದ ಹಳ್ಳಿಯ ಹೆಸರಿದೆ, ರಾಜನಾರಾಯಣ ಮತ್ತು ಜಾಹ್ನವಿಯರ ಹೆಸರಿದೆ. ಎರಡು ಸಮಾಜಗಳೂ ಕೊಡಲು ಹಿಂಜರಿದ ಸ್ಥಾನವನ್ನು ತಾಯ್ನುಡಿಯು ತನ್ನ ಮಗನಿಗೆ ಕೊಟ್ಟಿತು. ನೆರೆಯವನ ಹೆಸರು, ನುಡಿ, ಹಿನ್ನೆಲೆಗಳನ್ನು ಅಳೆದು ನೋಡಿದ ನಂತರವೇ ಅವನನ್ನು ನಮ್ಮವನೆನ್ನುವ ನಮಗೆ ಆ ಕಲ್ಲಿನಲ್ಲಿ ಪಾಠವಿದೆ.