ಸ್ಮಿರ್ನಾದ ಪಾಲಿಕಾರ್ಪ

ತುರ್ಕಿ ದೇಶದ ಪಶ್ಚಿಮ ತೀರದಲ್ಲಿರುವ ಇಜ್ಮಿರ್ ಎಂಬ ರೇವುಪಟ್ಟಣದ ಪ್ರಾಚೀನ ಹೆಸರು ಸ್ಮಿರ್ನಾ. ಎರಡನೆಯ ಶತಮಾನದಲ್ಲಿ ಅದು ರೋಮನ್ ಸಾಮ್ರಾಜ್ಯದ ಏಷ್ಯಾ ಪ್ರಾಂತಕ್ಕೆ ಸೇರಿದ ಸಂಪದ್ಭರಿತ ನಗರವಾಗಿತ್ತು. ಅಲ್ಲಿನ ಕ್ರೈಸ್ತ ಸಭೆಗೆ ಪಾಲಿಕಾರ್ಪನು ಬಿಷಪ್ಪನಾಗಿದ್ದನು.

ಅಪೊಸ್ತಲನಾದ ಯೋಹಾನನನ್ನು ಪಾಲಿಕಾರ್ಪನು ಕಂಡಿದ್ದನೆಂದೂ, ಅವನಿಂದ ಕೇಳಿದ ಸಂಗತಿಗಳನ್ನು ಜನರಿಗೆ ತಿಳಿಸುತ್ತಿದ್ದನೆಂದೂ ಐರೇನಿಯಸನು ಬರೆದಿಟ್ಟಿದ್ದಾನೆ. ಬಾಲ್ಯದಲ್ಲಿ ಅವನ ಬೋಧೆಯನ್ನು ಆಲಿಸಿದ್ದ ಐರೇನಿಯಸನಿಗೆ, ಆ ವೃದ್ಧನು ಕುಳಿತು ಮಾತನಾಡುತ್ತಿದ್ದ ಸ್ಥಳವೂ ಎಷ್ಟೋ ವರ್ಷಗಳ ಅನಂತರ ನೆನಪಿನಲ್ಲಿ ಹಸಿರಾಗಿತ್ತು.

ಇಳಿವಯಸ್ಸಿನಲ್ಲಿ ಪಾಲಿಕಾರ್ಪನು ರೋಮ್ ನಗರಕ್ಕೆ ಪ್ರಯಾಣ ಮಾಡಿದನು. ಈಸ್ಟರ್ ಹಬ್ಬವನ್ನು ಯಾವ ದಿನ ಆಚರಿಸಬೇಕೆಂಬ ವಿಷಯದಲ್ಲಿ ಅವನಿಗೂ ಅಲ್ಲಿನ ಬಿಷಪ್ಪನಾದ ಅನಿಸೇಟಸನಿಗೂ ಭಿನ್ನಾಭಿಪ್ರಾಯವಿತ್ತು. ಇಬ್ಬರೂ ತಮ್ಮ ತಮ್ಮ ಪದ್ಧತಿಯನ್ನು ಬಿಡಲಿಲ್ಲ. ಆದರೂ ಅನಿಸೇಟಸನು ಆರಾಧನೆಯನ್ನು ನಡೆಸುವ ಗೌರವವನ್ನು ಅತಿಥಿಗೇ ಬಿಟ್ಟುಕೊಟ್ಟನು. ಇಬ್ಬರೂ ಸ್ನೇಹದಿಂದಲೇ ಬೀಳ್ಕೊಂಡರು. ಆಚಾರಭೇದಕ್ಕಾಗಿ ಮುಖ ತಿರುಗಿಸಿಕೊಳ್ಳುವವರೇ ಹೆಚ್ಚಾಗಿರುವ ಲೋಕದಲ್ಲಿ ಇದು ಸಣ್ಣ ಮಾತಲ್ಲ.

ರೋಮನ್ನರ ದೇವತೆಗಳಿಗೂ ಚಕ್ರವರ್ತಿಗೂ ಪೂಜೆ ಸಲ್ಲಿಸಲೊಪ್ಪದ ಕ್ರೈಸ್ತರನ್ನು ಜನರು ನಾಸ್ತಿಕರೆಂದು ಜರೆಯುತ್ತಿದ್ದರು. ಕ್ರಿ.ಶ. 155ರ ಸುಮಾರಿನಲ್ಲಿ ಸ್ಮಿರ್ನಾದ ಕ್ರೀಡಾಂಗಣದಲ್ಲಿ ಕೆಲವು ಕ್ರೈಸ್ತರನ್ನು ಕ್ರೂರಮೃಗಗಳ ಬಾಯಿಗೆ ಒಡ್ಡಲಾಯಿತು. ಅಷ್ಟಕ್ಕೆ ತಣಿಯದ ಜನಸಮೂಹವು ಪಾಲಿಕಾರ್ಪನನ್ನು ಹಿಡಿದು ತರುವಂತೆ ಕೂಗಿತು. ತಾನಾಗಿಯೇ ಮುಂದೆ ಬಂದು ಸಾಯುವೆನೆಂದಿದ್ದ ಕ್ವಿಂಟಸ್ ಎಂಬುವನು ಮೃಗಗಳನ್ನು ಕಂಡೊಡನೆ ಎದೆಗುಂದಿ ಶರಣಾಗಿದ್ದನು. ಪಾಲಿಕಾರ್ಪನು ಸಾವನ್ನು ಅರಸಿಕೊಂಡು ಹೋಗಲಿಲ್ಲ. ಸ್ನೇಹಿತರ ಒತ್ತಾಯಕ್ಕೆ ಮಣಿದು ಊರಾಚೆಯ ತೋಟದ ಮನೆಯೊಂದರಲ್ಲಿ ಉಳಿದನು.

ಭಟರು ಸೇವಕನೊಬ್ಬನನ್ನು ಹಿಂಸಿಸಿ ಅವನ ಸುಳಿವನ್ನು ತಿಳಿದರು. ರಾತ್ರಿಯಲ್ಲಿ ಅವರು ಬಂದಾಗ ತಪ್ಪಿಸಿಕೊಳ್ಳಲು ಇನ್ನೂ ಅವಕಾಶವಿತ್ತು. ಪಾಲಿಕಾರ್ಪನು ಮಹಡಿಯಿಂದ ಇಳಿದು ಬಂದು, ತನ್ನನ್ನು ಹಿಡಿಯಲು ಬಂದವರಿಗೆ ಊಟವನ್ನು ಬಡಿಸಲು ಹೇಳಿದನು. ಪ್ರಾರ್ಥನೆಗೆ ಒಂದು ಗಂಟೆಯ ಕಾಲವನ್ನು ಬೇಡಿ, ಎರಡು ಗಂಟೆ ಪ್ರಾರ್ಥಿಸಿದನು. ಇಂಥ ಮುದುಕನನ್ನು ಹಿಡಿಯಲು ಬಂದೆವಲ್ಲಾ ಎಂದು ಭಟರಲ್ಲಿ ಹಲವರು ಮರುಗಿದರು. ಅವನನ್ನು ಕತ್ತೆಯ ಮೇಲೆ ಕುಳ್ಳಿರಿಸಿ ನಗರಕ್ಕೆ ಕರೆತಂದರು.

ಕ್ರೀಡಾಂಗಣದಲ್ಲಿ ರಾಜ್ಯಪಾಲನು ಅವನ ವಯಸ್ಸನ್ನು ಕಂಡು ಉಳಿಸಲು ಯತ್ನಿಸಿದನು. ಚಕ್ರವರ್ತಿಯ ಹೆಸರಿನಲ್ಲಿ ಆಣೆಯಿಟ್ಟು ಕ್ರಿಸ್ತನನ್ನು ನಿಂದಿಸಿದರೆ ಬಿಡುಗಡೆ ಸಿಗುತ್ತಿತ್ತು. 86 ವರ್ಷಗಳಿಂದ ತಾನು ಸೇವಿಸಿದ ಪ್ರಭುವನ್ನು ನಿಂದಿಸಲಾರೆನೆಂದು ಪಾಲಿಕಾರ್ಪನು ತಿಳಿಸಿದನು. ಮೃಗಗಳ ಹೆದರಿಕೆಯಾಗಲಿ ಬೆಂಕಿಯ ಹೆದರಿಕೆಯಾಗಲಿ ಅವನನ್ನು ಕದಲಿಸಲಿಲ್ಲ. ಜನರೇ ಓಡಾಡಿ ಸೌದೆಯನ್ನು ಕೂಡಿಹಾಕಿದರು. ಕಂಬಕ್ಕೆ ಮೊಳೆ ಹೊಡೆಯುವುದು ಬೇಡ, ತಾನು ಅಲುಗಾಡದೆ ನಿಲ್ಲುವೆನೆಂದು ಅವನು ಹೇಳಿದ್ದರಿಂದ ಹಗ್ಗದಿಂದ ಮಾತ್ರ ಬಿಗಿದರು. ಜ್ವಾಲೆಯು ಗಾಳಿ ತುಂಬಿದ ಹಾಯಿಯಂತೆ ಅವನ ಸುತ್ತಲೂ ಬಾಗಿ ನಿಂತಿತೆಂದೂ, ಕಡೆಗೆ ಅವನನ್ನು ಇರಿದು ಕೊಂದರೆಂದೂ ಸ್ಮಿರ್ನಾದ ಸಭೆಯು ಫಿಲೊಮೆಲಿಯಂ ಎಂಬ ಊರಿನ ಸಭೆಗೆ ಬರೆದ ಪತ್ರವು ವರ್ಣಿಸುತ್ತದೆ.

ಹೀಗೆ ಪ್ರಾಣತೆತ್ತವರನ್ನು ಕ್ರೈಸ್ತರು ರಕ್ತಸಾಕ್ಷಿಗಳೆಂದು ಕರೆಯುತ್ತಾರೆ. ಕ್ರೈಸ್ತರು ಇನ್ನು ಪಾಲಿಕಾರ್ಪನನ್ನೇ ಪೂಜಿಸತೊಡಗಿಯಾರೆಂದು ಶಂಕಿಸಿ ಅಧಿಕಾರಿಗಳು ದೇಹವನ್ನು ಅವರಿಗೆ ಕೊಡದೆ ಸುಟ್ಟುಹಾಕಿಸಿದರು. ಪೂಜೆಯು ಕ್ರಿಸ್ತನಿಗೆ, ರಕ್ತಸಾಕ್ಷಿಗಳಿಗೆ ಸಲ್ಲುವುದು ಪ್ರೀತಿ ಮಾತ್ರ ಎಂದು ಆ ಪತ್ರವು ಸ್ಪಷ್ಟಪಡಿಸುತ್ತದೆ. ಉಳಿದ ಅಸ್ಥಿಗಳನ್ನು ಶಿಷ್ಯರು ರತ್ನಗಳಿಗಿಂತ ಮಿಗಿಲೆಂದು ಆಯ್ದು, ಯೋಗ್ಯ ಸ್ಥಳದಲ್ಲಿರಿಸಿದರು. ವರ್ಷಕ್ಕೊಮ್ಮೆ ಅಲ್ಲಿ ಸೇರಿ ಆ ಮರಣದ ದಿನವನ್ನೇ ಅವನ ಜನ್ಮದಿನವೆಂದು ಆಚರಿಸಲು ನಿಶ್ಚಯಿಸಿದರು. ರಕ್ತಸಾಕ್ಷಿಯೊಬ್ಬನ ವಾರ್ಷಿಕ ಸ್ಮರಣೆಯನ್ನು ಕುರಿತು ದೊರೆತಿರುವ ಅತಿ ಪ್ರಾಚೀನ ಬರಹಗಳಲ್ಲಿ ಇದೂ ಒಂದು. ಫೆಬ್ರುವರಿ 23ರಂದು ಅನೇಕ ಕ್ರೈಸ್ತ ಸಭೆಗಳು ಪಾಲಿಕಾರ್ಪನನ್ನು ಇಂದಿಗೂ ಸ್ಮರಿಸುತ್ತವೆ.